ಬರಿ ಅಮ್ಮನದು, ಸರ್‌ನೇಮ್ ಅಪ್ಪನದು

1949ರ ಜುಲೈಯಿಂದ 1957ರ ಜನವರಿವರೆಗೆ ಮುಂಬಯಿಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಬೆನೆಗಲ್ ರಾಮರಾವ್. ಆ ಕುರ್ಚಿಯಲ್ಲಿ ಅವರಷ್ಟು ಕಾಲ ಕೂತವರು ಇನ್ನೊಬ್ಬರಿಲ್ಲ. ಆ ಕಾಲದ ನೋಟುಗಳನ್ನು ಸಂಗ್ರಹಿಸಿಟ್ಟವರು ಸಹಿಯನ್ನು ಹತ್ತಿರದಿಂದ ನೋಡಿದರೆ ಒಂದು ಸಣ್ಣ ವಿಚಿತ್ರ ಕಾಣುತ್ತದೆ. ‘ರಾವ್’ ಎಂಬ ಎರಡಕ್ಷರದ ಹೆಸರು ಇಂಗ್ಲಿಷಿನಲ್ಲಿ ‘ಓ’ದಿಂದ ಮುಗಿಯುವುದಿಲ್ಲ, ‘ಯು’ದಿಂದ ಮುಗಿಯುತ್ತದೆ. ಅವರ ಅಣ್ಣ, ಸಂವಿಧಾನ ಸಭೆಗೆ ಕಾನೂನು ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗರಾವ್ ಕೂಡ ‘ಯು’ ಹಾಕಿಯೇ ಬರೆಯುತ್ತಿದ್ದರು. ಇನ್ನೊಬ್ಬ ಸೋದರ, ಪತ್ರಕರ್ತ ಮತ್ತು ಸಂವಿಧಾನ ಸಭೆಯ ಸದಸ್ಯ ಬಿ. ಶಿವರಾವ್ ಮಾತ್ರ ಎಲ್ಲರಂತೆ ‘ಓ’ ಹಾಕುತ್ತಿದ್ದರು.

ಒಂದೇ ತಾಯಿಯ ಮಕ್ಕಳು, ಒಂದೇ ಮನೆ, ಒಂದೇ ಹೆಸರು. ಕನ್ನಡದಲ್ಲಿ ಬರೆದರೆ ಮೂವರೂ ರಾವ್. ಇಂಗ್ಲಿಷಿಗೆ ದಾಟಿದ ಕೂಡಲೇ ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಇವತ್ತಿನ ಯಾವುದಾದರೂ ಕಂಪ್ಯೂಟರಿಗೆ ಈ ಮೂವರ ದಾಖಲೆ ಕೊಟ್ಟರೆ ಅದು ಶಿವರಾಯರನ್ನು ಬೇರೆ ಕುಟುಂಬಕ್ಕೆ ಸೇರಿಸಿಬಿಡುತ್ತದೆ.

ಈ ಗೊಂದಲ ನಮ್ಮದೊಂದೇ ಅಲ್ಲ. ದಕ್ಷಿಣ ಕೊರಿಯಾದ ಮೊದಲ ಅಧ್ಯಕ್ಷ ಸಿಂಗ್ಮನ್ ರ್ಹೀ, 2008ರಲ್ಲಿ ಅಧ್ಯಕ್ಷರಾದ ಲೀ ಮ್ಯುಂಗ್ ಬಾಕ್, ಹದಿನಾರನೇ ಶತಮಾನದ ನೌಕಾ ಸೇನಾಪತಿ ಯಿ ಸುನ್ ಶಿನ್, ಈ ಮೂವರ ಮನೆತನದ ಹೆಸರೂ ಒಂದೇ. ದಕ್ಷಿಣ ಕೊರಿಯಾದಲ್ಲಿ ಅದನ್ನು ಉಚ್ಚರಿಸುವುದು ಬರೀ ‘ಈ’ ಎಂದು. ಉತ್ತರ ಕೊರಿಯಾದಲ್ಲಿ ‘ರಿ’. ಇಂಗ್ಲಿಷಿನಲ್ಲಿ ಮಾತ್ರ ಅದು ಲೀ, ಯಿ, ರ್ಹೀ, ರಿ ಎಂದು ನಾಲ್ಕು ವೇಷ ಹಾಕುತ್ತದೆ. ಪಾರ್ಕ್ ಎಂದು ಬರೆಯುವವರ ಹೆಸರಿನಲ್ಲಿ ‘ರ’ಕಾರವೇ ಇಲ್ಲ, ಅದು ‘ಪಾಕ್’ ಮತ್ತು ‘ಬಾಕ್’ಗಳ ನಡುವಿನ ಒಂದು ಸದ್ದು. 2015ರ ಜನಗಣತಿಯಲ್ಲಿ ದಕ್ಷಿಣ ಕೊರಿಯಾದಲ್ಲಿ ನೂರಕ್ಕೆ 21ಕ್ಕೂ ಹೆಚ್ಚು ಮಂದಿ ಕಿಮ್‌ಗಳೇ. ಹಾಗಾದರೆ ಕಿಮ್‌ಗಳೆಲ್ಲ ಒಂದೇ ಬಳಗವೆ? ಅಲ್ಲ. ಯಾವ ಊರಿನ ಕಿಮ್ ಎಂಬುದು ಮುಖ್ಯ. ಗಿಮ್‌ಹೇ ಊರಿನ ಕಿಮ್ ಬೇರೆ, ಗ್ಯೊಂಗ್‌ಜು ಊರಿನ ಕಿಮ್ ಬೇರೆ. ಈ ಮೂಲದ ಊರಿಗೆ ಅವರು ‘ಬೊನ್‌ಗ್ವಾನ್’ ಎನ್ನುತ್ತಾರೆ. ಹೆಸರೂ ಮೂಲವೂ ಒಂದೇ ಆದರೆ ಮದುವೆ ಕೂಡದು ಎಂಬ ಕಾನೂನೇ ಅಲ್ಲಿತ್ತು. 1997ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದು ಸಲ್ಲದು ಎಂದಿತು. 2005ರಲ್ಲಿ ಕಾನೂನು ತಿದ್ದುಪಡಿಯಾಯಿತು.

ಮುಂಬಯಿಯ ತುಳು, ಕನ್ನಡ ಮನೆಗಳಲ್ಲಿ ಬೆಳೆದವರಿಗೆ ಈ ಕಥೆ ಹೊಸದೆನಿಸದು. ಮದುವೆ ಮಾತುಕತೆಗೆ ಕೂತಾಗ ಇಲ್ಲಿ ಇವತ್ತಿಗೂ ಬರುವ ಮೊದಲ ಪ್ರಶ್ನೆಗಳಲ್ಲಿ ಒಂದು: ‘ಈರೆನ ಬರಿ ಒವು?’ ನಿಮ್ಮ ಬರಿ, ಎಂದರೆ ತಾಯಿಯ ಕಡೆಯ ಕುಲ, ಯಾವುದು? ಆ ಪ್ರಶ್ನೆಗೆ ಆಧಾರ್ ಕಾರ್ಡಿನಲ್ಲಿ ಉತ್ತರವಿಲ್ಲ. ಅದೇಕೆ ಇಲ್ಲ ಎಂಬುದನ್ನು ತಿಳಿಯಲು ಮೊದಲು ಸ್ವಲ್ಪ ಭೂಗೋಳ ಬೇಕು.

ಟಿಪ್ಪುವಿನ ಪತನದ ನಂತರ ಕಂಪನಿ ಸರ್ಕಾರದ ಕೈಸೇರಿದ ಕೆನರಾ ಜಿಲ್ಲೆ ಮೊದಲು ಒಂದೇ ಆಗಿತ್ತು. 1859ರಲ್ಲಿ ಉತ್ತರ, ದಕ್ಷಿಣ ಎಂದು ಎರಡಾಯಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕೆನರಾ ಮದರಾಸಿನಲ್ಲೇ ಉಳಿಯಿತು. ಗೆರೆ ಎಳೆದದ್ದು ನೆಲದ ಮೇಲೆ. ಆದರೆ ಅದು ಜನರ ಹೆಸರಿನ ಮೇಲೂ ಬಿತ್ತು. ಮದರಾಸಿನ ಪದ್ಧತಿಯಲ್ಲಿ ಊರು ಹೆಸರಿನ ಮುಂದೆ ಕೂರುತ್ತದೆ, ಆಮೇಲೆ ಇನಿಷಿಯಲ್ ಆಗಿ ಕುಗ್ಗುತ್ತದೆ. ಕೋಟ ಶಿವರಾಮ ಕಾರಂತರ ‘ಕೆ’, ಉಡುಪಿ ರಾಮಚಂದ್ರ ರಾವ್ ಅವರ ‘ಯು’ ಹೀಗೆ ಬಂದವು. ಮುಂಬಯಿ ಪದ್ಧತಿಯಲ್ಲಿ ಊರು ಹೆಸರಿನ ಕೊನೆಗೆ ಬಂದು ಕೂರುತ್ತದೆ, ನಡುವೆ ಅಪ್ಪನ ಹೆಸರು. ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂಬ ಈ ಮೂರು ಖಾನೆಯ ಕ್ರಮ ಮುಂಬಯಿಯ ಶಾಲೆ, ಗಿರಣಿ, ಬ್ಯಾಂಕು, ಎಲ್ಲ ಕಡೆ ಬೇರೂರಿತ್ತು.

ಮುಲ್ಕಿಯ ಪಕ್ಕದ ಕಾರ್ನಾಡನ್ನೇ ನೋಡಿ. ಮಂಗಳೂರಿನಲ್ಲಿ ದೇಶಕ್ಕಾಗಿ ಆಸ್ತಿಯನ್ನೆಲ್ಲ ಕಳೆದುಕೊಂಡ ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವ ರಾವ್ ಅವರಿಗೆ ಆ ಊರು ಹೆಸರಿನ ಮುಂದಿದೆ. 1938ರಲ್ಲಿ ಮುಂಬಯಿಗೆ ಹತ್ತಿರದ ಮಾಥೇರಾನಿನಲ್ಲಿ ಹುಟ್ಟಿದ ಗಿರೀಶ ಕಾರ್ನಾಡರಿಗೆ ಅದೇ ಊರು ಹೆಸರಿನ ಹಿಂದಿದೆ. ಬೆನೆಗಲ್ ಕೂಡ ಹಾಗೆಯೇ. ರಿಸರ್ವ್ ಬ್ಯಾಂಕಿನ ಗವರ್ನರರಿಗೆ ಅದು ಮುಂದೆ ನಿಂತ ‘ಬಿ’. ಸಿನಿಮಾ ನಿರ್ದೇಶಕ ಶ್ಯಾಮ್ ಬೆನೆಗಲ್ ಅವರಿಗೆ ಕೊನೆಯ ಪೂರ್ಣ ಪದ.

ಊರನ್ನೇ ಅಡ್ಡಹೆಸರು ಮಾಡಿಕೊಂಡವರಲ್ಲಿ ಮುಂಬಯಿಯ ಚಿತ್ರಾಪುರ ಸಾರಸ್ವತರದು ಎದ್ದು ಕಾಣುವ ಸಾಲು. ಪಡುಕೋಣೆ, ಕಲ್ಯಾಣಪುರ, ಬಸ್ರೂರು, ಕುಂದಾಪುರ, ಉಳ್ಳಾಲ, ಹಳದೀಪುರ, ಭಟ್ಕಳ, ಕಾಯ್ಕಿಣಿ... ಅವರ ಮದುವೆಯ ಆಮಂತ್ರಣ ಪತ್ರಿಕೆಗಳನ್ನು ಜೋಡಿಸಿಟ್ಟರೆ ಕರಾವಳಿಯ ಬಸ್ಸಿನ ಬೋರ್ಡು ಓದಿದಂತಿರುತ್ತದೆ. ಗಾಯಕಿ ಸುಮನ್ ಕಲ್ಯಾಣಪುರ ಮದುವೆಗೆ ಮುನ್ನ ಸುಮನ್ ಹೆಮ್ಮಾಡಿ. ಕುಂದಾಪುರದ ಬಳಿಯ ಒಂದು ಊರಿನಿಂದ ಉಡುಪಿಯ ಬಳಿಯ ಇನ್ನೊಂದು ಊರಿಗೆ ಅವರ ಹೆಸರು ಪ್ರಯಾಣ ಮಾಡಿತು; ಅವರು ಮುಂಬಯಿಯಲ್ಲೇ ಇದ್ದರು. 1924ರಲ್ಲಿ ಮುಂಬಯಿಯಲ್ಲಿ ಆರಂಭವಾದ ಪಾಪ್ಯುಲರ್ ಬುಕ್ ಡಿಪೊದ ಮನೆತನ ಭಟ್ಕಳದವರದು; ಮರಾಠಿ ಓದುಗರಿಗೆ ಆ ಪ್ರಕಾಶಕರು ‘ಭಟಕಳ’ ಎಂದೇ ಪರಿಚಿತ. ಮಂಕಿಯವರು ಮರಾಠಿಯ ‘ಕರ’ ಪ್ರತ್ಯಯ ಅಂಟಿಸಿಕೊಂಡು ಮಂಕೀಕರರಾದರು.

ಇದೇ ಸಮುದಾಯದ ಶ್ರೀಪಾದ ಸುಬ್ಬರಾವ್ ತಾಲ್ಮಕಿ 1906ರಲ್ಲಿ ಸ್ಥಾಪಿಸಿದ ಸಹಕಾರಿ ಬ್ಯಾಂಕಿಗೆ ತಮ್ಮ ಗುರುಸಮಾನರಾದ ವಕೀಲರ ಹೆಸರಿಟ್ಟರು: ಶಾಮರಾವ್ ವಿಠಲ್ ಬ್ಯಾಂಕ್. ನೂರು ವರ್ಷ ಆ ಬ್ಯಾಂಕಿನಲ್ಲಿ ವ್ಯವಹಾರ ಮಾಡಿದ ಮುಂಬಯಿಗರಲ್ಲಿ ಎಷ್ಟೋ ಮಂದಿ ವಿಠಲ್ ಎಂಬುದೇ ಅಡ್ಡಹೆಸರು ಎಂದುಕೊಂಡಿದ್ದಾರೆ. ವಿಠಲ್ ಅವರ ಅಪ್ಪ. ವಕೀಲರ ಪೂರ್ತಿ ಹೆಸರು ಶಾಮರಾವ್ ವಿಠಲ್ ಕಾಯ್ಕಿಣಿ. ಕನ್ನಡಿಗರಿಗೆ ಮುಂಬಯಿಯ ಕಥೆಗಳನ್ನು ಕೊಟ್ಟ ಜಯಂತ ಕಾಯ್ಕಿಣಿಯವರ ಅಡ್ಡಹೆಸರೂ ಭಟ್ಕಳ ತಾಲ್ಲೂಕಿನ ಅದೇ ಊರಿನದು.

ಆದರೆ ಊರಿನ ಹೆಸರು ರಕ್ತಸಂಬಂಧದ ಸಾಕ್ಷಿಯಲ್ಲ. ಸಿನಿಮಾ ಲೋಕದ ಗುರುದತ್ ಅವರ ಮೂಲ ಹೆಸರು ವಸಂತಕುಮಾರ ಶಿವಶಂಕರ ಪಡುಕೋಣೆ. ಅವರ ತಾಯಿಯ ತಾಯಿ, ಶ್ಯಾಮ್ ಬೆನೆಗಲ್ ಅವರ ತಂದೆಯ ತಾಯಿ, ಇಬ್ಬರೂ ಅಕ್ಕತಂಗಿಯರು. ಪಡುಕೋಣೆ, ಬೆನೆಗಲ್ ಎಂದು ಬೇರೆ ಬೇರೆ ಹೆಸರಿನ ಈ ಇಬ್ಬರು ನಿರ್ದೇಶಕರು ಹೀಗೆ ಬಂಧುಗಳು. ಪಡುಕೋಣೆ ಎಂಬ ಒಂದೇ ಹೆಸರಿದ್ದ ಮಾತ್ರಕ್ಕೆ ಗುರುದತ್ ಮತ್ತು ನಟಿ ದೀಪಿಕಾ ಹತ್ತಿರದ ನೆಂಟರು ಎಂದು ಹೇಳಲಾಗದು. ಇಂಗ್ಲಿಷ್ ಕಾಗುಣಿತದ ಕೊನೆಯ ‘ಇ’ಯನ್ನು ಇಂಗ್ಲಿಷಿನವರಂತೆ ನುಂಗಿ, ‘ಣ’ವನ್ನು ‘ನ’ ಮಾಡಿ, ಮುಂಬಯಿಯ ಟಿವಿಗಳು ಆ ಹೆಸರನ್ನು ‘ಪಾದುಕೋನ್’ ಎಂದು ಕೂಗುವಾಗ ಪಡುಕೋಣೆಯ ನೆರೆಯ ಮರವಂತೆಯ ಕಡೆಯವರಿಗೆ ನಗು ಬರುತ್ತದೆ.

ಊರಿನ ಹೆಸರಿನವರದು ಇಷ್ಟು. ಬಿರುದಿನ ಹೆಸರಿನವರದು ಇನ್ನೂ ದೊಡ್ಡ ಸಂತೆ.

ಮುಂಬಯಿಯ ಯಾವುದೇ ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂತವರನ್ನು ಹೊರಗಿನವರು ಕರೆಯುವುದು ‘ಶೇಠ್’ ಎಂದು. ಬಹಳ ಸಲ ಅವರ ಹೆಸರು ಶೆಟ್ಟಿ. ಕರೆದವರಿಗೂ ಕರೆಸಿಕೊಂಡವರಿಗೂ ಗೊತ್ತಿಲ್ಲದಂತೆ ಅಲ್ಲಿ ಒಂದೇ ಪದ ಎರಡು ಸಲ ಉಚ್ಚಾರವಾಗಿರುತ್ತದೆ. ಸಂಸ್ಕೃತದ ‘ಶ್ರೇಷ್ಠಿ’, ಎಂದರೆ ವರ್ತಕರ ಮುಖ್ಯಸ್ಥ, ಪ್ರಾಕೃತದಲ್ಲಿ ‘ಸೆಟ್ಠಿ’ ಆಯಿತು. ಕನ್ನಡದ ಶಾಸನಗಳಲ್ಲಿ ‘ಸೆಟ್ಟಿ’ಯಾಗಿ ನಿಂತಿತು. ಗುಜರಾತಿನಲ್ಲಿ ಶೇಠ್, ಉತ್ತರದಲ್ಲಿ ಸೇಠ್, ಉತ್ತರ ಕನ್ನಡದ ದೈವಜ್ಞರಲ್ಲಿ ಶೇಟ್, ಬೆಂಗಳೂರಿನ ಪೇಟೆಯಲ್ಲಿ ಸೆಟ್ಟಿ, ತಮಿಳುನಾಡಿನಲ್ಲಿ ಚೆಟ್ಟಿ ಮತ್ತು ಚೆಟ್ಟಿಯಾರ್. ಹತ್ತೊಂಬತ್ತನೇ ಶತಮಾನದ ಮುಂಬಯಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಜಗನ್ನಾಥ ಶಂಕರಶೇಠ್ ಅವರ ಮನೆತನದ ಹೆಸರು ಮುರ್ಕುಟೆ. ‘ಶೇಠ್’ ಎಂಬುದು ಅಪ್ಪ ಶಂಕರರ ಹೆಸರಿಗೆ ಅಂಟಿ ಬಂದ ಗೌರವ. ತುಳುನಾಡಿನಲ್ಲಿ ಅದೇ ಪದ ವ್ಯಾಪಾರ ಬಿಟ್ಟು ಜಮೀನಿಗೆ ಇಳಿದು ಬಂಟರ ಹೆಸರಾಯಿತು. ಆಮೇಲೆ ಬಂಟರು ಮುಂಬಯಿಗೆ ಬಂದು ಹೋಟೆಲು ಹಾಕಿದಾಗ ಶ್ರೇಷ್ಠಿ ಮತ್ತೆ ಗಲ್ಲಾದ ಮೇಲೆ ಕೂತ. ಮುಂಬಯಿ ಬಂಟರ ಸಂಘ 1927ರದು; ಕುರ್ಲಾದ ಬಂಟರ ಭವನದಲ್ಲಿ ‘ಶೆಟ್ರೇ’ ಎಂದು ಕೂಗಿದರೆ ಎಷ್ಟು ತಲೆ ತಿರುಗೀತು ಎಂಬುದು ಹಳೆಯ ತಮಾಷೆ.

‘ರಾಯ’ದ ಕಥೆಯೂ ಅಷ್ಟೇ. ರಾಜ ಎಂಬುದೇ ಸವೆದು ರಾಯ ಆಯಿತು, ಅದರಿಂದ ರಾವ್, ರಾಯ್, ತುಳುವಿನ ರೈ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಐಶ್ವರ್ಯಾ ರೈಯವರನ್ನು ಉತ್ತರದ ಎಷ್ಟೋ ಜನ ತಮ್ಮ ಕಡೆಯ ‘ರಾಯ್’ ಎಂದೇ ನಂಬಿದ್ದರು. 2007ರಲ್ಲಿ ಅವರು ಸೊಸೆಯಾಗಿ ಹೋದ ಮನೆಯ ಅಜ್ಜ, ಕವಿ ಹರಿವಂಶ ರಾಯ್ ಬಚ್ಚನ್. ಅವರ ಕುಲದ ಹೆಸರು ಶ್ರೀವಾಸ್ತವ, ಬಚ್ಚನ್ ಎಂಬುದು ಕಾವ್ಯನಾಮ, ರಾಯ್ ಎಂಬುದು ಹೆಸರಿನದೇ ಭಾಗ. ಬಂಟರ ರೈಗೂ ಅಲಹಾಬಾದಿನ ಕಾಯಸ್ಥರ ರಾಯ್‌ಗೂ ಪದದ ನಂಟಲ್ಲದೆ ಬೇರೇನೂ ಇಲ್ಲ.

ಬಿರುದು ಜಾತಿಯ ಗುರುತಲ್ಲ ಎಂಬುದಕ್ಕೆ ‘ಹೆಗ್ಗಡೆ’ಗಿಂತ ಒಳ್ಳೆಯ ಉದಾಹರಣೆ ಸಿಗದು. ಹಳಗನ್ನಡದ ಪೆರ್ಗಡೆ ಎಂದರೆ ಹಿರಿಯ ಅಧಿಕಾರಿ. ಅದು ಹೆರ್ಗಡೆ, ಹೆಗ್ಗಡೆ, ಹೆಗಡೆ, ಹೆಗ್ಡೆ ಎಂದು ನುಣುಪಾಗುತ್ತ ಬಂತು. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಹವ್ಯಕರು, ಲೋಕಸಭೆಯ ಅಧ್ಯಕ್ಷರಾಗಿದ್ದ ಕೆ.ಎಸ್. ಹೆಗ್ಡೆ ಬಂಟರು, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಜೈನರು. ಮೊದಲ ಇಬ್ಬರ ಹೆಸರು ಇಂಗ್ಲಿಷಿನಲ್ಲಿ ಒಂದೇ ಥರ, ಮೂರನೆಯವರಿಗೆ ‘ಜಿ’ ಎರಡು. ನಾಯಕ ಎಂಬುದು ಇನ್ನೂ ಅಗಲ: ಕೊಂಕಣಿಯವರಲ್ಲಿ, ಬಂಟರಲ್ಲಿ, ನಾಡವರಲ್ಲಿ, ನಾಮಧಾರಿಗಳಲ್ಲಿ, ಬೇಡರಲ್ಲಿ, ಲಂಬಾಣಿಗಳಲ್ಲಿ ನಾಯಕ್, ನಾಯ್ಕ, ನಾಯಕ ಎಂದು ಹರಡಿದೆ. 1963ರಿಂದ 1975ರವರೆಗೆ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ವಸಂತರಾವ್ ನಾಯಿಕರು ಬಂಜಾರಾ ಸಮುದಾಯದವರು. ಮಾಟುಂಗದಲ್ಲಿ 1942ರಲ್ಲಿ ಊಟದ ಮನೆ ತೆರೆದ ಎ. ರಾಮ ನಾಯಕರದು ಬೇರೆಯೇ ಮೂಲ.

ಆ ಊಟದ ಮನೆಯ ಬೋರ್ಡನ್ನೇ ಓದಿ ನೋಡಿ. ಉಡುಪಿ ಎಂಬುದು ಅಲ್ಲಿ ‘ಉಡಿಪಿ’. ಬ್ರಿಟಿಷರ ಕಾಲದ ಕಾಗುಣಿತ ಅದು. ಊರಿನವರು ಅದನ್ನು ಎಂದೋ ತಿದ್ದಿಕೊಂಡರು. ಮುಂಬಯಿಯ ಹಳೆಯ ಹೋಟೆಲುಗಳು ತಿದ್ದಲಿಲ್ಲ. ಊರು ಬಿಟ್ಟು ಬಂದವರ ಬಳಿ ಹಳೆಯ ಕಾಗುಣಿತ ಹೆಚ್ಚು ಕಾಲ ಬಾಳುತ್ತದೆ.

ಕಾಗುಣಿತದ ಜಗಳದಲ್ಲಿ ಅತಿ ಹಳೆಯದು ಒಂದು ‘ಎಚ್’ ಅಕ್ಷರದ್ದು. ಕನ್ನಡದಲ್ಲಿ ‘ಟ’ ಬೇರೆ, ‘ತ’ ಬೇರೆ. ಇಂಗ್ಲಿಷಿನಲ್ಲಿ ಇರುವುದು ಒಂದೇ ‘ಟಿ’. ದಕ್ಷಿಣದವರು ಇದಕ್ಕೊಂದು ಉಪಾಯ ಮಾಡಿದರು: ‘ಟಿ’ ಎಂದರೆ ಟ, ಅದರ ಪಕ್ಕ ‘ಎಚ್’ ಹಾಕಿದರೆ ತ. ಮರಾಠಿ, ಹಿಂದಿಯವರು ಬೇರೆ ಉಪಾಯ ಮಾಡಿದರು: ‘ಟಿ’ ಎಂದರೆ ಟ ಮತ್ತು ತ ಎರಡೂ, ‘ಎಚ್’ ಸೇರಿದರೆ ಥ ಅಥವಾ ಠ. ಎರಡೂ ತರ್ಕಬದ್ಧವೇ. ಆದರೆ ಎರಡೂ ಮುಂಬಯಿಯಲ್ಲಿ ಮುಖಾಮುಖಿಯಾದವು. ಉಡುಪಿಯಲ್ಲಿ ಹುಟ್ಟಿ ಮುಂಬಯಿಯ ಪತ್ರಿಕಾರಂಗದಲ್ಲಿ ದೊಡ್ಡ ಹೆಸರಾದ ಎಂ.ವಿ. ಕಾಮತ್ ಅವರಿಗೆ ‘ಎಚ್’ ಇದೆ. ಹೋಟೆಲು ಉದ್ಯಮದ ವಿಠಲ್ ಕಾಮತ್ ಅವರಿಗೆ ‘ಎಚ್’ ಇಲ್ಲ. ಮಂಗಳೂರು ಕಡೆಯ ಕಾಮತರು ಮದರಾಸಿನ ರೂಢಿಯಂತೆ ಬರೆದರು, ಕಾರವಾರ ಮತ್ತು ಗೋವಾ ಕಡೆಯವರು ಮುಂಬಯಿಯ ರೂಢಿಯಂತೆ ಬರೆದರು, ಅಷ್ಟೆ. 1862ರ ಗೆರೆ ಇಲ್ಲಿಯೂ ಕೆಲಸ ಮಾಡಿದೆ. ಆದರೆ ‘ಎಚ್’ ಇರುವ ಕಾಮತರನ್ನು ಹಿಂದಿ ಪತ್ರಿಕೆಗಳು ‘ಕಾಮಥ್’ ಮಾಡುತ್ತವೆ, ಅವರ ಮಕ್ಕಳ ಶಾಲೆಯ ಸಹಪಾಠಿಗಳೂ ಹಾಗೇ ಕರೆಯುತ್ತಾರೆ, ಕ್ರಮೇಣ ಮಕ್ಕಳೂ ಅದನ್ನೇ ಒಪ್ಪಿಕೊಳ್ಳುತ್ತಾರೆ.

ಪೂಜಾರಿಗಳ ಪಾಡು ಇನ್ನೂ ಮೋಜಿನದು. ‘ಪೂ’ಗೆ ಎರಡು ‘ಓ’ ಹಾಕಬೇಕೋ ಒಂದು ‘ಯು’ ಸಾಕೋ? ಕೊನೆಗೆ ‘ವೈ’ಯೋ ‘ಐ’ಯೋ? ನಾಲ್ಕು ಬಗೆಯಲ್ಲೂ ಬರೆಯುವವರು ಇದ್ದಾರೆ. ಕೇಂದ್ರದಲ್ಲಿ ಹಣಕಾಸು ರಾಜ್ಯ ಸಚಿವರಾಗಿದ್ದ ಜನಾರ್ದನ ಪೂಜಾರಿಯವರದು ಎರಡು ‘ಓ’, ಒಂದು ‘ವೈ’. ಮರಾಠಿ ರೂಢಿಯಲ್ಲಿ ಒಂದು ‘ಯು’, ಒಂದು ‘ಐ’. ಸಮುದಾಯದ ಹೆಸರೇ ಊರಿನಲ್ಲಿ ಬಿಲ್ಲವ, 1932ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಸಂಘದ ಇಂಗ್ಲಿಷ್ ಹೆಸರಿನಲ್ಲಿ ಬಿಲ್ಲವರ್.

ಈಗ ಬರಿಯ ಮಾತು. ಇದು ಕನ್ನಡದ ‘ಬರೀ’ ಅಲ್ಲ, ತುಳುವಿನ ಬರಿ. ಕನ್ನಡದಲ್ಲಿ ‘ಬಳಿ’ ಎಂದೂ ಹೇಳುವುದುಂಟು. ತಾಯಿಯ ಕಡೆಯಿಂದ ಬರುವ ಕುಲದ ಹೆಸರು ಅದು. ಬಂಗೇರ, ಸಾಲ್ಯಾನ್, ಕೋಟ್ಯಾನ್, ಸುವರ್ಣ, ಕರ್ಕೇರ, ಕುಂದರ್, ಅಮೀನ್, ಅಂಚನ್, ಸನಿಲ್, ಪುತ್ರನ್, ಕಾಂಚನ್, ಶ್ರೀಯಾನ್, ಮೆಂಡನ್... ಇವುಗಳಲ್ಲಿ ಹಲವು ಬಿಲ್ಲವರಲ್ಲೂ ಇವೆ, ಮೊಗವೀರರಲ್ಲೂ ಇವೆ. ಬಂಟರಲ್ಲಿ ಬಂಗಾರನ್ನಾಯ, ಸಾಲನ್ನಾಯ, ಕುಂದರನ್ನಾಯ ಎಂಬ ಬರಿಗಳಿವೆ. ಬಂಗೇರ, ಸಾಲ್ಯಾನ್, ಕುಂದರ್‌ಗಳ ಪಕ್ಕ ಇಟ್ಟರೆ ಕಿವಿಗೇ ನಂಟು ಕೇಳುತ್ತದೆ. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಪ್ರಕಟಿಸಿದಾಗ ಬಂಟರ ಬಳಿಗಳನ್ನು ಪಟ್ಟಿಮಾಡಿದ್ದ.

ನಿಯಮ ಸರಳ. ಮಗು ಯಾರ ಮಗುವಾದರೂ ಬರಿ ತಾಯಿಯದು. ಮದುವೆಯಾದರೂ ಹೆಣ್ಣಿನ ಬರಿ ಬದಲಾಗದು. ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ, ಅವರಲ್ಲಿ ಮದುವೆಯಿಲ್ಲ. ಇದು ಅಳಿಯಸಂತಾನದ ಜೊತೆಗೇ ಬಂದ ಪದ್ಧತಿ. ಅದನ್ನು ಜಾರಿಗೆ ತಂದವನು ಭೂತಾಳ ಪಾಂಡ್ಯ ಎಂಬುದು ತುಳುನಾಡಿನ ಐತಿಹ್ಯ. ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ, ಬರಿ ಅಮ್ಮನಿಂದ ಮಕ್ಕಳಿಗೆ. ಆಸ್ತಿಯ ಲೆಕ್ಕವನ್ನು 1949ರ ಮದರಾಸ್ ಅಳಿಯಸಂತಾನ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳು ಬದಲಿಸಿದವು. ಬರಿಯ ಲೆಕ್ಕವನ್ನು ಬದಲಿಸಿದ್ದು ಯಾವ ಕಾಯ್ದೆಯೂ ಅಲ್ಲ, ಮುಂಬಯಿಯ ಅರ್ಜಿ ಫಾರಮು.

ಹೇಗೆಂದರೆ, ಊರಿನಲ್ಲಿ ಬರಿ ಎಂಬುದು ಮನೆಯೊಳಗಿನ ಮಾತು. ಮದುವೆಗೆ, ಸೂತಕಕ್ಕೆ, ಭೂತದ ಚಾಕರಿಗೆ ಬೇಕಾದದ್ದು. ಹೊರಗೆ ಕರೆಯಲು ಪೂಜಾರಿ, ಶೆಟ್ಟಿ ಎಂಬ ಬಿರುದು ಸಾಕಿತ್ತು. ಹಡಗು ಹತ್ತಿ ಮುಂಬಯಿಗೆ ಬಂದ ಹುಡುಗ ಹಗಲು ಹೋಟೆಲಿನಲ್ಲಿ ದುಡಿದು ಕೋಟೆ ಪ್ರದೇಶದ ರಾತ್ರಿಶಾಲೆಗೆ ಸೇರಿದ. ಮೊಗವೀರರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಳೆಯದು. ಅಂಥ ಸಂಘಗಳೇ ಈ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆ ನಡೆಸಿದವು. ಅಲ್ಲಿ, ಆಮೇಲೆ ಪುರಸಭೆಯ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಎದುರಾದದ್ದು ಮೂರನೇ ಖಾನೆ: ಸರ್‌ನೇಮ್ ಏನು? ಒಬ್ಬ ಪೂಜಾರಿ ಎಂದ. ಅವನ ತಮ್ಮ ಬರಿಯನ್ನೇ ಬರೆಸಿ ಸುವರ್ಣ ಆದ. ಹೀಗೆ ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಎರಡು ಅಡ್ಡಹೆಸರು ಇರುವುದು ಮುಂಬಯಿಯಲ್ಲಿ ಯಾರಿಗೂ ಆಶ್ಚರ್ಯವಲ್ಲ.

ಆ ತಲೆಮಾರಿನವರೆಗೆ ಬರಿ ಸರಿಯಾಗಿಯೇ ಇತ್ತು. ಅವರು ಬರೆಸಿದ್ದು ತಮ್ಮ ತಾಯಿಯಿಂದ ಬಂದದ್ದನ್ನೇ. ತೊಡಕು ಶುರುವಾದದ್ದು ಮಕ್ಕಳಿಂದ. ಶಾಲೆಗೆ ಬೇಕಾದದ್ದು ಅಪ್ಪನ ಸರ್‌ನೇಮ್. ಅಪ್ಪ ಕೋಟ್ಯಾನ್, ಅಮ್ಮ ಸಾಲ್ಯಾನ್ ಎಂದಿಟ್ಟುಕೊಳ್ಳಿ. ಬರಿಯ ಲೆಕ್ಕದಲ್ಲಿ ಮಗ ಸಾಲ್ಯಾನ್. ದಾಖಲೆಯಲ್ಲಿ ಕೋಟ್ಯಾನ್. ಅವನಿಗೆ ಬಂಗೇರ ಸರ್‌ನೇಮಿನ ಹುಡುಗಿಯನ್ನು ನೋಡುತ್ತಾರೆ. ಕೋಟ್ಯಾನ್, ಬಂಗೇರ; ಕೇಳಲು ಬೇರೆ ಬೇರೆ. ಆದರೆ ಹುಡುಗಿಯ ಅಮ್ಮನೂ ಸಾಲ್ಯಾನ್ ಬರಿಯವರಾದರೆ ಹಿರಿಯರು ಅಲ್ಲಿಗೇ ಮಾತು ನಿಲ್ಲಿಸುತ್ತಾರೆ. ಇದರ ತಿರುಗುಮುರುಗೂ ಉಂಟು: ಕೋಟ್ಯಾನ್ ಹುಡುಗನಿಗೆ ಕೋಟ್ಯಾನ್ ಹುಡುಗಿಯನ್ನೇ ತಂದರೂ ತಾಯಂದಿರ ಬರಿ ಬೇರೆ ಇದ್ದರೆ ಅಡ್ಡಿಯಿಲ್ಲ. ಪಕ್ಕದ ಮರಾಠಿ ಮನೆಯವರಿಗೆ ಮೊದಲನೆಯದು ಏಕೆ ಮುರಿಯಿತು, ಎರಡನೆಯದು ಹೇಗೆ ಕೂಡಿತು ಎಂಬುದು ಎರಡೂ ಬಗೆಹರಿಯದ ಒಗಟು. ಅದಕ್ಕೇ ಜಾತಕದ ಜೊತೆ ಕಳಿಸುವ ಬಯೋಡೇಟಾದಲ್ಲಿ ಸರ್‌ನೇಮ್ ಇದ್ದರೂ ‘ಬರಿ’ ಎಂದು ಪ್ರತ್ಯೇಕ ಸಾಲು ಬರೆಯುತ್ತಾರೆ.

ಕೊರಿಯಾದವರ ಬೊನ್‌ಗ್ವಾನ್ ಇದಕ್ಕೆ ಹತ್ತಿರದ ಸೋದರ. ಒಂದೇ ವ್ಯತ್ಯಾಸ, ಅಲ್ಲಿ ಅದು ಅಪ್ಪನ ಕಡೆಯದು, ಇಲ್ಲಿ ಅಮ್ಮನ ಕಡೆಯದು. ಮದುವೆಯ ನಂತರವೂ ಹೆಣ್ಣು ತನ್ನ ಕುಲದ ಹೆಸರನ್ನು ಬಿಡದಿರುವುದು ಎರಡೂ ಕಡೆಯ ರೂಢಿ.

ಬರಿ ಸರ್‌ನೇಮ್ ಆದಾಗ ಹುಟ್ಟಿದ ಗೊಂದಲಗಳು ಮುಂಬಯಿಯಲ್ಲಿ ದಿನನಿತ್ಯದ ಹಾಸ್ಯ. ಮರಾಠಿ, ಹಿಂದಿಯಲ್ಲಿ ಸುವರ್ಣಾ, ಕಾಂಚನ್ ಎಂದರೆ ಹೆಣ್ಣುಮಕ್ಕಳ ಹೆಸರು. ಮೀಸೆಯ ಗಂಡಸು ‘ಸುವರ್ಣ’ ಎಂದು ಪರಿಚಯಿಸಿಕೊಂಡರೆ ಕೌಂಟರಿನವರು ಒಮ್ಮೆ ತಲೆಯೆತ್ತಿ ನೋಡುತ್ತಾರೆ. ಅಮೀನ್ ಎಂಬವರನ್ನು ಗುಜರಾತಿಗಳು ತಮ್ಮ ಪಾಟೀದಾರರು ಎನ್ನುತ್ತಾರೆ, ಇನ್ನು ಕೆಲವರು ಮುಸ್ಲಿಮರು ಎಂದುಕೊಳ್ಳುತ್ತಾರೆ. ಮೂರಕ್ಕೂ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ. ಕರ್ಕೇರ, ಬಂಗೇರ ಎಂಬುವು ಗೋವಾದ ಪೆರೇರಾಗಳ ದಾಯಾದಿಗಳಂತೆ ಕೇಳುತ್ತವೆ. ಮೆಂಡನ್ ಮೊಗವೀರರ ಹೆಸರು, ಮೆಂಡೋನ್ಸಾ ಕ್ರೈಸ್ತರ ಹೆಸರು. ಇವೆರಡನ್ನೂ ಬೆರೆಸದ ಅಂಚೆಯವನು ಸಿಕ್ಕುವುದು ಅಪರೂಪ.

ಕರಾವಳಿಯಿಂದ ಬಂದ ಕ್ರೈಸ್ತರ ಹೆಸರುಗಳಿಗೆ ಬೇರೆ ದಾರಿ. ಡಿಸೋಜ, ಪಿಂಟೊ, ಲೋಬೊ, ಫೆರ್ನಾಂಡಿಸ್ ಎಂಬುವು ದೀಕ್ಷೆಯ ಹೊತ್ತಿನಲ್ಲಿ ಬಂದ ಪೋರ್ಚುಗೀಸ್ ಹೆಸರುಗಳು. ಮಂಗಳೂರಿನಿಂದ ಮುಂಬಯಿಗೆ ಬಂದು 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ ಜಾರ್ಜ್ ಫೆರ್ನಾಂಡಿಸರ ಹೆಸರು ‘ಎಸ್’ದಿಂದ ಮುಗಿಯುತ್ತದೆ, ಅದು ಪೋರ್ಚುಗೀಸ್ ರೂಢಿ, ‘ಜಡ್’ದಿಂದ ಮುಗಿದರೆ ಸ್ಪ್ಯಾನಿಷ್. ಕೆಲವು ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಪ್ರಭು, ಕಾಮತ್, ಶೆಣೈ ಎಂಬ ಹಳೆಯ ಹೆಸರಿನ ನೆನಪು ಇಂದಿಗೂ ಇದೆ. ಇಂಗ್ಲಿಷಿನಲ್ಲಿ ಬರೆದ ಡಿಸೋಜದಲ್ಲಿ ಮೇಲೊಂದು ಚುಕ್ಕೆಯಂಥ ಚಿಹ್ನೆ ಬರುತ್ತದಲ್ಲ, ಕಂಪ್ಯೂಟರು ಬಂದ ಮೇಲೆ ಎಷ್ಟೋ ಅರ್ಜಿಗಳು ಅದನ್ನು ಒಪ್ಪದೆ ಉದುರಿಸಿದವು. ಒಂದೇ ಮನೆಯಲ್ಲಿ ಚಿಹ್ನೆಯಿರುವ ಅಪ್ಪ, ಚಿಹ್ನೆಯಿಲ್ಲದ ಮಗ.

ಇನ್ನು ಲಿಪಿಯ ಆಟ. ಮುಂಬಯಿ ಕನ್ನಡಿಗರ ಹೆಸರು ಮೊದಲು ಕನ್ನಡದಿಂದ ಇಂಗ್ಲಿಷಿಗೆ ಹೋಗುತ್ತದೆ, ಆಮೇಲೆ ಇಂಗ್ಲಿಷಿನಿಂದ ಮರಾಠಿಗೆ. ಎರಡು ಸಲ ದಾಟುವಾಗ ‘ಳ’ ‘ಣ’ಗಳು, ದೀರ್ಘ ಹ್ರಸ್ವಗಳು ದಾರಿಯಲ್ಲೇ ಉಳಿಯುತ್ತವೆ. ವಿಪರ್ಯಾಸವೆಂದರೆ ಮರಾಠಿಗೂ ‘ಳ’ ಇದೆ, ‘ಣ’ ಇದೆ. ನೇರವಾಗಿ ಬರೆದಿದ್ದರೆ ಆಳ್ವ ಆಳ್ವನಾಗಿಯೇ, ಬಲ್ಲಾಳ ಬಲ್ಲಾಳನಾಗಿಯೇ ಇರುತ್ತಿದ್ದ. ನಡುವೆ ಇಂಗ್ಲಿಷ್ ನುಸುಳಿದ್ದರಿಂದ ಆಲ್ವಾ, ಬಲ್ಲಾಲ್ ಆದರು. ಪಾಸ್‌ಪೋರ್ಟಿನಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಕಾಗುಣಿತ ಇದ್ದವರು ಅಫಿಡವಿಟ್ ಮಾಡಿಸಿ ಮಹಾರಾಷ್ಟ್ರ ಸರ್ಕಾರದ ಗೆಜೆಟ್‌ನಲ್ಲಿ ಹೆಸರು ಬದಲಾವಣೆಯ ಪ್ರಕಟಣೆ ಕೊಡಬೇಕು. ಒಂದು ‘ಐ’ ‘ವೈ’ ಆಗಲು ಅಷ್ಟು ಓಡಾಟ.

2024ರ ಮೇ 1ರಿಂದ ಮಹಾರಾಷ್ಟ್ರದಲ್ಲಿ ಹೊಸ ನಿಯಮ ಬಂದಿದೆ. ಆ ದಿನ ಮತ್ತು ಆಮೇಲೆ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮೊದಲು ಮಗುವಿನ ಹೆಸರು, ನಂತರ ತಾಯಿಯ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಕೊರಿಯಾದಲ್ಲಿ 2008ರಿಂದಲೇ, ಮದುವೆ ನೋಂದಣಿಯ ಹೊತ್ತಿಗೆ ಗಂಡಹೆಂಡಿರು ಒಪ್ಪಿಕೊಂಡರೆ, ಮಗುವಿಗೆ ತಾಯಿಯ ಮನೆತನದ ಹೆಸರನ್ನೇ ಕೊಡಬಹುದು. ಮುಂಬಯಿಯ ಕೋಟ್ಯಾನ್, ಸಾಲ್ಯಾನ್ ಮನೆಗಳಿಗೆ ಮಹಾರಾಷ್ಟ್ರದ ನಿಯಮದಲ್ಲಿ ಅರ್ಧ ನ್ಯಾಯ ಸಿಕ್ಕಿದೆ. ಅಮ್ಮನ ಹೆಸರಿಗೆ ಖಾನೆ ಬಂತು. ಅಮ್ಮನ ಬರಿಗೆ ಬರಲಿಲ್ಲ.

ಆದ್ದರಿಂದ ಆ ಖಾನೆಯನ್ನು ಮನೆಯವರೇ ತುಂಬಿಕೊಳ್ಳಬೇಕು. ಬರಿ ಯಾವುದು, ಮೂಲಮನೆ ಎಲ್ಲಿ, ಇಂಗ್ಲಿಷ್ ಕಾಗುಣಿತ ಯಾವ ಶಾಲೆಯ ಯಾವ ಕಾಗದದಲ್ಲಿ ಹೀಗಾಯಿತು ಎಂಬುದನ್ನು ಬಲ್ಲ ಅಜ್ಜಿಯೋ ದೊಡ್ಡಮ್ಮನೋ ಇನ್ನೂ ಇದ್ದರೆ, ಈ ಸಲ ಊರಿಗೆ ಹೋದಾಗ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ಕನ್ನಡ ಅಕ್ಷರದಲ್ಲೇ ಬರೆಯಿರಿ, ‘ಳ’ ‘ಣ’ ಎರಡೂ ಉಳಿಯುತ್ತವೆ.